ಪ್ರಸ್ತಾರದಿಂದ ಮೇಳದವರೆಗೆ: ನಮ್ಮ ಗೀತವಿದ್ಯೆಯಲ್ಲಿ ಗಣಿತ ಮತ್ತು ಅದರ ಶಿಕ್ಷಣೋಪಯೋಗ

ಸಂಗೀತವನ್ನು ಕಲಿಯಲೆಂದು ಬಂದು ಕುಳಿತ ಮಗುವಿಗೆ ಗುರುವು ಮೊದಲ ದಿವಸ ಹೇಳಿಕೊಡುವ ಪಾಠದಲ್ಲಿ ಸ್ವರವೆಷ್ಟು ಇದೆಯೋ ಎಣಿಕೆಯೂ ಅಷ್ಟೇ ಇದೆ. ತೊಡೆಯ ಮೇಲೆ ಒಂದು ಪೆಟ್ಟು ಹಾಕಿ, ಕಿರುಬೆರಳಿನಿಂದ ಮೊದಲುಮಾಡಿ ಮೂರು ಬೆರಳುಗಳನ್ನು ಎಣಿಸಿ, ಆಮೇಲೆ ಎರಡು ಸಲ ಪೆಟ್ಟು ಹುಸಿಗಳನ್ನು ತೋರಿಸಿದರೆ ಆದಿತಾಳದ ಎಂಟು ಅಕ್ಷರಗಳು ಸಂದು ಒಂದು ಆವರ್ತವಾಗುತ್ತದೆ. ಅದೇ ಸರಳೆಯನ್ನು ಎರಡನೆಯ ಕಾಲದಲ್ಲಿ ಹಾಡುವಾಗ ಅಕ್ಷರಕ್ಕೆ ಎರಡು ಸ್ವರ, ಮೂರನೆಯ ಕಾಲದಲ್ಲಿ ನಾಲ್ಕು ಸ್ವರ. ದ್ವಿಗುಣ, ಚತುರ್ಗುಣ ಎಂಬ ಮಾತುಗಳ ಅರ್ಥವನ್ನು ಆ ಮಗು ಶಾಲೆಯ ಹಲಗೆಯ ಮೇಲೆ ಕಾಣುವುದಕ್ಕೆ ಮುಂಚೆ ತನ್ನ ಅಂಗೈಯಲ್ಲಿ ಅನುಭವಿಸಿರುತ್ತದೆ.

ಗಣಿತಕ್ಕೂ ಸಂಗೀತಕ್ಕೂ ಇರುವ ನಂಟನ್ನು ಕುರಿತು ಮಾತನಾಡತಕ್ಕವರು ಸಾಮಾನ್ಯವಾಗಿ ಗ್ರೀಸ್ ದೇಶದ ಪೈಥಾಗೊರಸನಿಂದ ಆರಂಭಿಸುವ ವಾಡಿಕೆಯುಂಟು. ತಂತಿಯ ಉದ್ದವನ್ನು 2:1, 3:2, 4:3 ಎಂಬ ಪ್ರಮಾಣಗಳಲ್ಲಿ ವಿಭಾಗಿಸಿದರೆ ಕಿವಿಗೆ ಹಿತವಾದ ಸ್ವರಸಂವಾದಗಳು ದೊರೆಯುತ್ತವೆಂಬುದು ಅವನ ಪಂಥದವರು ಎತ್ತಿಹಿಡಿದ ತತ್ತ್ವ. ಅದರ ಫಲವಾಗಿ ಯೂರೋಪಿನ ಮಧ್ಯಯುಗದ ವಿದ್ಯಾಪೀಠಗಳಲ್ಲಿ ಅಂಕಗಣಿತ, ಕ್ಷೇತ್ರಗಣಿತ, ಜ್ಯೋತಿಷಗಳ ಜತೆಗೆ ಸಂಗೀತವೂ ನಾಲ್ಕನೆಯ ಗಣಿತವಿದ್ಯೆಯಾಗಿ ಪಠ್ಯಕ್ರಮದಲ್ಲಿ ಸ್ಥಾನ ಪಡೆಯಿತು. ನಮ್ಮಲ್ಲಿಯೂ ನಾಟ್ಯಶಾಸ್ತ್ರದ ಭರತನು ಸಪ್ತಕವನ್ನು 22 ಶ್ರುತಿಗಳನ್ನಾಗಿ ಎಣಿಸಿ, ಎರಡು ವೀಣೆಗಳನ್ನು ಸರಿಸಮನಾಗಿ ಶ್ರುತಿಮಾಡಿ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಹಂತಹಂತವಾಗಿ ಇಳಿಸುತ್ತ ಅವುಗಳನ್ನು ಸಾಧಿಸಿ ತೋರಿಸಿದನು. ಆದರೆ ಭಾರತೀಯ ಪರಂಪರೆಯ ವೈಶಿಷ್ಟ್ಯ ತಂತಿಯ ಅಳತೆಗಿಂತ ಹೆಚ್ಚಾಗಿ ಇನ್ನೊಂದರಲ್ಲಿದೆ. ಇರುವ ಅಂಶಗಳಿಂದ ಎಷ್ಟು ರೂಪಗಳು ಸಾಧ್ಯ, ಅವುಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು, ಮರೆತ ರೂಪವನ್ನು ಹೇಗೆ ಮರಳಿ ಪಡೆಯಬೇಕು ಎಂಬ ವಿಕಲ್ಪಗಣನೆಯೇ ಅದು. ಈ ಗಣನೆ ಹುಟ್ಟಿದ್ದು ಗಣಿತಜ್ಞನ ಕೊಠಡಿಯಲ್ಲಲ್ಲ, ಪದ್ಯವನ್ನೂ ಗೀತವನ್ನೂ ಕಲಿಸುವ ಗುರುವಿನ ಎದುರಿನಲ್ಲಿ, ಎಂಬುದೂ, ಸಾಧ್ಯವಾದುದೆಲ್ಲವನ್ನೂ ಎಣಿಸಿದ ಬಳಿಕ ಆರಿಸುವ ಕೆಲಸವನ್ನು ನಮ್ಮ ಶಾಸ್ತ್ರಕಾರರು ಕಿವಿಗೇ ಬಿಟ್ಟರು ಎಂಬುದೂ ಈ ಲೇಖನದ ಪ್ರತಿಪಾದ್ಯ.

1. ಛಂದಸ್ಸಿನ ಪ್ರತ್ಯಯಗಳು

ಕ್ರಿಸ್ತಪೂರ್ವದ ಕೊನೆಯ ಶತಮಾನಗಳಿಗೆ ಸೇರಿದವನೆಂದು ಎಣಿಸಲಾಗುವ ಪಿಂಗಳನು ತನ್ನ ಛಂದಃಸೂತ್ರದ ಕಡೆಯ ಅಧ್ಯಾಯದಲ್ಲಿ ಆರು ಪ್ರತ್ಯಯಗಳನ್ನು ಹೇಳಿದ್ದಾನೆ. ಗುರು ಲಘುಗಳ ಎಲ್ಲ ವಿನ್ಯಾಸಗಳನ್ನೂ ಕ್ರಮವಾಗಿ ಹರಡುವುದು ಪ್ರಸ್ತಾರ. ಕ್ರಮಸಂಖ್ಯೆಯಿಂದ ರೂಪವನ್ನು ಕಂಡುಹಿಡಿಯುವುದು ನಷ್ಟ. ರೂಪದಿಂದ ಕ್ರಮಸಂಖ್ಯೆಯನ್ನು ಕಂಡುಹಿಡಿಯುವುದು ಉದ್ದಿಷ್ಟ. ಮಿಕ್ಕವು ಒಟ್ಟು ಸಂಖ್ಯೆ ಮೊದಲಾದವನ್ನು ತಿಳಿಸುವಂಥವು. ಮೂರು ಅಕ್ಷರಗಳ ಪ್ರಸ್ತಾರದಲ್ಲಿ ಎಂಟು ರೂಪಗಳಾಗುತ್ತವೆ. ನಮ್ಮ ಪ್ರೌಢಶಾಲೆಯ ಮಕ್ಕಳು ಯಮಾತಾರಾಜಭಾನಸಲಗಂ ಎಂದು ಬಾಯಿಪಾಠ ಮಾಡುವ ಅಕ್ಷರಗಣಗಳು ಇವೇ. ಈ ಎಂಟರಲ್ಲಿ ಐದನೆಯದು ಯಾವುದೆಂದು ಕೇಳಿದರೆ ಪಟ್ಟಿಯನ್ನು ಬರೆಯಬೇಕಾಗಿಲ್ಲ: ಸಂಖ್ಯೆ ಸಮವಾಗಿದ್ದರೆ ಅರ್ಧಿಸಿ ಲಘುವನ್ನು ಬರೆಯತಕ್ಕದ್ದು, ವಿಷಮವಾಗಿದ್ದರೆ ಒಂದನ್ನು ಕೂಡಿ ಅರ್ಧಿಸಿ ಗುರುವನ್ನು ಬರೆಯತಕ್ಕದ್ದು. 5 ವಿಷಮ, ಗುರು, ಉಳಿದದ್ದು 3. 3 ವಿಷಮ, ಗುರು, ಉಳಿದದ್ದು 2. 2 ಸಮ, ಲಘು. ಗುರು, ಗುರು, ಲಘು, ಎಂದರೆ ತಗಣ. ಇಂದಿನ ಗಣಕಯಂತ್ರಗಳು ಎರಡೇ ಸಂಕೇತಗಳಿಂದ ಸಂಖ್ಯೆಗಳನ್ನು ಬರೆಯುವ ಪದ್ಧತಿಯೊಡನೆ ಇದಕ್ಕಿರುವ ಸಾದೃಶ್ಯವನ್ನು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಪಿಂಗಳನ ಮುಂದೆ ಇದ್ದದ್ದು ಯಂತ್ರವಲ್ಲ, ಮರೆತ ವೃತ್ತವನ್ನು ಪುನಃ ಸ್ಮರಿಸಿಕೊಳ್ಳಬೇಕಾದ ಶಿಷ್ಯ. ನಷ್ಟ ಎಂಬ ಹೆಸರೇ ಇದಕ್ಕೆ ಸಾಕ್ಷಿ.

ಅಕ್ಷರಗಳನ್ನು ಬಿಟ್ಟು ಮಾತ್ರೆಗಳನ್ನು ಎಣಿಸತೊಡಗಿದಾಗ ಇನ್ನೊಂದು ಅಚ್ಚರಿಯ ಶ್ರೇಢಿ ತಲೆದೋರಿತು. ಒಂದು ಮಾತ್ರೆಗೆ ಒಂದು ರೂಪ, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ಐದು, ಐದಕ್ಕೆ ಎಂಟು, ಆರಕ್ಕೆ ಹದಿಮೂರು: ಪ್ರತಿಯೊಂದು ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತ. ಕಾರಣ ಸರಳವಾದದ್ದು. ಕೊನೆಯ ಅಕ್ಷರ ಲಘುವಾದರೆ ಅದಕ್ಕೆ ಮುಂಚೆ ಒಂದು ಮಾತ್ರೆ ಕಡಮೆಯಾದ ರೂಪವಿರುತ್ತದೆ, ಗುರುವಾದರೆ ಎರಡು ಮಾತ್ರೆ ಕಡಮೆಯಾದ ರೂಪವಿರುತ್ತದೆ. ಪ್ರಾಕೃತ ಛಂದಸ್ಸನ್ನು ವಿವರಿಸಿದ ವಿರಹಾಂಕನೂ, 12ನೆಯ ಶತಮಾನದ ಜೈನಾಚಾರ್ಯ ಹೇಮಚಂದ್ರನೂ ಈ ನಿಯಮವನ್ನು ಸ್ಪಷ್ಟವಾಗಿ ಹೇಳಿದ್ದರು. ಇಟಲಿಯ ಪೀಸಾ ನಗರದ ಲಿಯೊನಾರ್ಡೊ, ಎಂದರೆ ಫಿಬೊನಾಚಿ, ಮೊಲಗಳ ಸಂತಾನವನ್ನು ಲೆಕ್ಕಹಾಕುವಲ್ಲಿ ಇದೇ ಶ್ರೇಢಿಯನ್ನು ಬರೆದದ್ದು 1202ರಲ್ಲಿ.

ಕನ್ನಡನಾಡು ಈ ವಿದ್ಯೆಗೆ ಹೊರಗಾಗಿರಲಿಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಗಣಿತದ ಪ್ರಯೋಜನಗಳನ್ನು ಸ್ತುತಿಸುವಾಗ ಗಾಂಧರ್ವ, ನಾಟಕ, ಛಂದಸ್ಸುಗಳನ್ನೂ ಹೆಸರಿಸಿದ್ದಾನೆ. 10ನೆಯ ಶತಮಾನದ ಕೊನೆಗೆ ನಾಗವರ್ಮನು ಛಂದೋಂಬುಧಿಯಲ್ಲಿ ಷಟ್‌ಪ್ರತ್ಯಯಗಳನ್ನು ಕನ್ನಡಕ್ಕೆ ತಂದುದಲ್ಲದೆ, ದೇಶ್ಯವಾದ ಅಂಶಗಣಗಳನ್ನೂ ನಿರೂಪಿಸಿದನು. ಗಣದ ಮೊದಲ ಅಂಶಕ್ಕೆ ಒಂದು ಗುರು ಅಥವಾ ಎರಡು ಲಘು, ಮುಂದಿನ ಪ್ರತಿಯೊಂದು ಅಂಶಕ್ಕೆ ಗುರು ಅಥವಾ ಲಘು, ಹೀಗೆ ಒಂದೊಂದು ಅಂಶಕ್ಕೂ ಎರಡೆರಡು ಆಯ್ಕೆಗಳಿರುವುದರಿಂದ ಎರಡಂಶದ ಬ್ರಹ್ಮಗಣಗಳು 4, ಮೂರಂಶದ ವಿಷ್ಣುಗಣಗಳು 8, ನಾಲ್ಕಂಶದ ರುದ್ರಗಣಗಳು 16. ಸಾಂಗತ್ಯ ತ್ರಿಪದಿಗಳನ್ನು ಹಾಡಿದ ನಮ್ಮ ಜನಕ್ಕೆ ಈ ಗುಣಾಕಾರ ತಿಳಿದಿರಲಿಲ್ಲವಾದರೂ ಅವರ ಹಾಡಿನಲ್ಲಿ ಅದು ಅಂತರ್ಗತವಾಗಿಯೇ ಇತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾಲ್ಕು ಮಾತ್ರೆಗೆ ಗಣಿತವು ಐದು ರೂಪಗಳನ್ನು ಕೊಡುತ್ತದೆಯಷ್ಟೆ. ಆದರೆ ಕನ್ನಡದ ಮಾತ್ರಾಲಯವು ಲಘುವಿನ ಬೆನ್ನಿಗೆ ಗುರು ಬಂದು ಆರಂಭವಾಗುವ ಗಣವನ್ನು ಸಾಮಾನ್ಯವಾಗಿ ಒಲ್ಲದಾದುದರಿಂದ ಜಗಣವು ಹೊರಗಾಗಿ ನಾಲ್ಕು ಉಳಿಯುತ್ತವೆ. ಇದೇ ಕಾರಣದಿಂದ ಮೂರು ಮಾತ್ರೆಯ ಮೂರರಲ್ಲಿ ಎರಡೂ, ಐದು ಮಾತ್ರೆಯ ಎಂಟರಲ್ಲಿ ಆರೂ ಮಾತ್ರ ಸಲ್ಲುತ್ತವೆ.

2. ಶಾರ್ಙ್ಗದೇವನ ತಾಳಪ್ರಸ್ತಾರ

ಛಂದಸ್ಸಿನಲ್ಲಿ ಬೆಳೆದ ಈ ಪ್ರತ್ಯಯಗಳನ್ನು ಸಮಗ್ರವಾಗಿ ಸಂಗೀತಕ್ಕೆ ಅನ್ವಯಿಸಿದ ಮಹನೀಯನು 13ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ. ರಾಜ್ಯದ ಲೆಕ್ಕಪತ್ರಗಳ ಅಧಿಕಾರವನ್ನು ವಹಿಸಿದ್ದ ಈ ಪಂಡಿತನ ಸಂಗೀತರತ್ನಾಕರದಲ್ಲಿ ಲೆಕ್ಕಿಗನ ಕಣ್ಣೂ ಗಾಯಕನ ಕಿವಿಯೂ ಒಟ್ಟಿಗೆ ಕೆಲಸಮಾಡಿವೆ. ಏಳು ಸ್ವರಗಳನ್ನು ಒಂದೊಂದನ್ನು ಒಂದೇ ಸಲ ಬಳಸಿ ಕ್ರಮ ಬದಲಿಸುತ್ತ ಹೋದರೆ 5040 ತಾನಗಳಾಗುತ್ತವೆ. ಇವುಗಳಲ್ಲಿ ಕೇಳಿದ ಸಂಖ್ಯೆಯ ತಾನವನ್ನು ಹುಡುಕಲು ಆತನು ಖಂಡಮೇರು ಎಂಬ ಕೋಷ್ಟಕವನ್ನು ರಚಿಸಿಕೊಟ್ಟನು. ಅಷ್ಟು ತಾನಗಳನ್ನು ಓಲೆಯ ಮೇಲೆ ಬರೆದಿಡಲು ಹೊರೆಹೊರೆ ಗರಿಗಳು ಬೇಕಾದಾವು. ಕೋಷ್ಟಕಕ್ಕೆ ಒಂದು ಗರಿ ಸಾಕು.

ತಾಳಾಧ್ಯಾಯದಲ್ಲಿ ಆತನ ಪ್ರತಿಭೆ ಇನ್ನೂ ಸ್ಫುಟವಾಗಿದೆ. ದ್ರುತವನ್ನು ಒಂದು ಮಾನವೆಂದು ಹಿಡಿದರೆ ಲಘು ಎರಡು, ಗುರು ನಾಲ್ಕು, ಪ್ಲುತ ಆರು. ಛಂದಸ್ಸಿನಲ್ಲಿ ಎರಡೇ ಇದ್ದ ಅಂಗಗಳು ಇಲ್ಲಿ ನಾಲ್ಕಾದುವು. ಆದುದರಿಂದ ಹಿಂದಿನ ಎರಡು ಸಂಖ್ಯೆಗಳನ್ನು ಕೂಡುವುದರ ಬದಲು ಕೊನೆಯದು, ಅದರ ಹಿಂದಿನದು, ಕೊನೆಯಿಂದ ನಾಲ್ಕನೆಯದು, ಆರನೆಯದು, ಈ ನಾಲ್ಕನ್ನೂ ಕೂಡಬೇಕೆಂದು ಆತನು ವಿಧಿಸಿದನು. ಹೀಗೆ 1, 2, 3, 6, 10, 19 ಎಂದು ಶ್ರೇಢಿ ಬೆಳೆಯುತ್ತದೆ. ಮುಂದಿನದು ಬೇಕಾದರೆ 19, 10, 3, 1ನ್ನು ಕೂಡಿ 33. ಏಳು ದ್ರುತಗಳ ಕಾಲದಲ್ಲಿ ಮೂವತ್ತಮೂರು ತಾಳರೂಪಗಳು ಸಾಧ್ಯವೆಂದು ಒಂದನ್ನೂ ತಟ್ಟಿನೋಡದೆ ಹೇಳಬಹುದು. ಆದರೂ ಅದೇ ಅಧ್ಯಾಯದಲ್ಲಿ ಹೆಸರೂ ಲಕ್ಷಣವೂ ಉಳ್ಳ ದೇಶೀತಾಳಗಳೆಂದು ಆತನು ಕೊಟ್ಟಿರುವುದು 120ನ್ನು ಮಾತ್ರ. ಮುಂದೆ 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದನು. ಅದಕ್ಕೂ ಮುಂಚೆ 1356ರಲ್ಲಿಯೇ ನಾರಾಯಣಪಂಡಿತನು ಗಣಿತಕೌಮುದಿಯ ಅಂಕಪಾಶವೆಂಬ ಅಧ್ಯಾಯದಲ್ಲಿ ಈ ಪ್ರತ್ಯಯಗಳನ್ನು ಕೇವಲ ಸಂಖ್ಯೆಗಳ ವಿದ್ಯೆಯನ್ನಾಗಿ ವಿಸ್ತರಿಸಿದ್ದನು. ಸಂಗೀತವು ಗಣಿತದಿಂದ ಪಡೆದ ಸಾಲವನ್ನು ಹೀಗೆ ಬಡ್ಡಿಸಹಿತ ತೀರಿಸಿತು.

3. ಎಪ್ಪತ್ತೆರಡು ಮೇಳಗಳು

ರಾಮಾಮಾತ್ಯನು ಅಳಿಯ ರಾಮರಾಯನ ಪ್ರೇರಣೆಯಿಂದ 1550ರಲ್ಲಿ ರಚಿಸಿದ ಸ್ವರಮೇಳಕಳಾನಿಧಿಯಲ್ಲಿ 20 ಮೇಳಗಳನ್ನು, ಎಂದರೆ ರಾಗಗಳಿಗೆ ಆಧಾರವಾದ ಸ್ವರಸಮೂಹಗಳನ್ನು, ಹೇಳಿದ್ದನು. ಅದಾದ ಮೇಲೆ, 17ನೆಯ ಶತಮಾನದಲ್ಲಿ, ತಂಜಾವೂರಿನ ನಾಯಕ ದೊರೆಗಳ ಅಮಾತ್ಯನಾಗಿದ್ದ ಕನ್ನಡ ಮನೆತನದ ಗೋವಿಂದ ದೀಕ್ಷಿತನ ಮಗ ವೆಂಕಟಮಖಿಯು ಚತುರ್ದಂಡೀಪ್ರಕಾಶಿಕೆಯಲ್ಲಿ ಮೇಳಗಳನ್ನು ಪಟ್ಟಿಮಾಡುವುದನ್ನು ಬಿಟ್ಟು ಎಣಿಸಲು ತೊಡಗಿದನು. ಮೂರು ರಿಷಭಗಳು, ಮೂರು ಗಾಂಧಾರಗಳು. ಆದರೆ ಗಾಂಧಾರವು ರಿಷಭಕ್ಕಿಂತ ಮೇಲಿರಬೇಕಾದುದರಿಂದ ಸಲ್ಲುವ ಜೋಡಿಗಳು ಆರು. ಧೈವತ ನಿಷಾದಗಳಿಗೂ ಹಾಗೆಯೇ ಆರು. ಆರಾರಲಿ ಮೂವತ್ತಾರು, ಮಧ್ಯಮವು ಶುದ್ಧವೋ ಪ್ರತಿಯೋ ಎಂಬ ಭೇದದಿಂದ ಎಪ್ಪತ್ತೆರಡು. ಇದಕ್ಕೆ ಒಂದನ್ನು ಕೂಡಲಾಗಲಿ ಕಳೆಯಲಾಗಲಿ ಯಾರಿಂದಲೂ ಆಗದೆಂದು ಆತನು ಧೈರ್ಯವಾಗಿ ಸಾರಿದನು. ಆದರೆ ತನ್ನ ಕಾಲದಲ್ಲಿ ಬಳಕೆಯಲ್ಲಿರುವುವೆಂದು ಆತನೇ ವಿವರಿಸಿದ ಮೇಳಗಳು 19. ಉಳಿದವು ಇನ್ನು ಮುಂದೆ ಹುಟ್ಟಬಹುದಾದ ರಾಗಗಳಿಗೆಂದು ಕಾದಿರಿಸಿದ ಮನೆಗಳು. ಅವುಗಳಲ್ಲಿ ದೀಪ ಹಚ್ಚಿದವರು ತರುವಾಯದ ವಾಗ್ಗೇಯಕಾರರು.

ಮುಂದೆ ಮೇಳಗಳ ಹೆಸರುಗಳನ್ನು, ಅಕ್ಷರಗಳಿಂದ ಅಂಕಗಳನ್ನು ಸೂಚಿಸುವ ಕಟಪಯಾದಿ ಸಂಖ್ಯೆಗೆ ಹೊಂದಿಸಿದುದು ಶಿಕ್ಷಣದೃಷ್ಟಿಯಿಂದ ಅಮೂಲ್ಯವಾದ ಉಪಾಯ. ಮಾಯಾಮಾಳವಗೌಳದಲ್ಲಿ ಮಾ ಎಂದರೆ 5, ಯಾ ಎಂದರೆ 1. ಅಂಕಗಳನ್ನು ತಿರುಗಿಸಿದರೆ 15ನೆಯ ಮೇಳ. ಹದಿನೈದರಲ್ಲಿ ಒಂದನ್ನು ಕಳೆದು ಆರರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 2. ಎರಡಕ್ಕೂ ಒಂದೊಂದನ್ನು ಕೂಡಿದರೆ ರಿಷಭ ಗಾಂಧಾರಗಳ ಮೂರನೆಯ ಜೋಡಿ, ಧೈವತ ನಿಷಾದಗಳ ಮೂರನೆಯ ಜೋಡಿ: ಶುದ್ಧರಿಷಭ, ಅಂತರಗಾಂಧಾರ, ಶುದ್ಧಧೈವತ, ಕಾಕಲಿನಿಷಾದ. ಹೆಸರೇ ಸಂಖ್ಯೆ, ಸಂಖ್ಯೆಯೇ ಸ್ವರ. ಎರಡು ಜೋಡಿಗಳೂ ಒಂದೇ ಸ್ಥಾನದಲ್ಲಿರುವುದರಿಂದ ಸಪ್ತಕದ ಎರಡು ಅರ್ಧಗಳು ಒಂದರ ಪ್ರತಿಬಿಂಬದಂತೆ ಇನ್ನೊಂದು ಇವೆ. ಪುರಂದರದಾಸರು ಆರಂಭದ ಪಾಠಗಳಿಗೆ ಈ ರಾಗವನ್ನು ಆರಿಸಿಕೊಟ್ಟರೆಂದು ಪರಂಪರೆಯು ಹೇಳುವುದರ ಔಚಿತ್ಯ ಇದರಿಂದ ಮನದಟ್ಟಾಗುತ್ತದೆ.

4. ಶಿಕ್ಷಣದಲ್ಲಿ ಉಪಯೋಗ

ಈ ಇತಿಹಾಸದಿಂದ ಇಂದಿನ ಶಾಲೆಗೆ ದೊರೆಯುವುದೇನು? ಹಾಡು ಕೇಳಿದ ಮಾತ್ರಕ್ಕೆ ಮಗುವಿಗೆ ಗಣಿತ ಬಂದುಬಿಡುತ್ತದೆಂದು ನಾನು ಹೇಳತಕ್ಕವನಲ್ಲ. ಎರಡಕ್ಕೂ ಸಾಧಾರಣವಾದ ಎಡೆಗಳಲ್ಲಿ ಮಗುವನ್ನು ನಿಲ್ಲಿಸಿ, ಕೈಯಿಂದ ಎಣಿಸಿ, ಕಿವಿಯಿಂದ ಪರೀಕ್ಷಿಸಿ, ಬಳಿಕ ಬರೆಯುವಂತೆ ಮಾಡಬಹುದೆಂಬುದಷ್ಟೆ ನನ್ನ ಅಭಿಪ್ರಾಯ. ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮಗ್ಗಿಯನ್ನು ರಾಗವಾಗಿ ಒಕ್ಕೊರಲಿನಿಂದ ಹೇಳುತ್ತಿದ್ದುದು ಇದರ ಮೊದಲ ಮೆಟ್ಟಿಲು.

ಅಲಂಕಾರಗಳ ಸೂಳಾದಿ ಸಪ್ತತಾಳಗಳನ್ನು ತೆಗೆದುಕೊಳ್ಳೋಣ. ಲಘುವಿನ ಅಕ್ಷರಗಳು ಜಾತಿಗೆ ತಕ್ಕಂತೆ 3, 4, 5, 7, 9 ಎಂದು ಬದಲಾಗುತ್ತವೆ. ದ್ರುತಕ್ಕೆ ಯಾವಾಗಲೂ ಎರಡು. ಹಾಗಾದರೆ ಧ್ರುವತಾಳವು ಮೂರು ಲಘು ಮತ್ತು ಎರಡು, ಅಟ್ಟತಾಳವು ಎರಡು ಲಘು ಮತ್ತು ನಾಲ್ಕು. ಅವ್ಯಕ್ತರಾಶಿಯೆಂದರೇನೆಂದು ಬೀಜಗಣಿತದ ಉಪಾಧ್ಯಾಯರು ಇದಕ್ಕಿಂತ ಸುಲಭವಾಗಿ ಹೇಗೆ ತಿಳಿಸಿಯಾರು? ಚತುರಶ್ರಜಾತಿಯ ಧ್ರುವಕ್ಕೂ ಖಂಡಜಾತಿಯ ಅಟ್ಟಕ್ಕೂ ಹದಿನಾಲ್ಕೇ ಅಕ್ಷರವೆಂದು ಮಗುವು ತಾನೇ ಕಂಡುಕೊಂಡಾಗ ಆಗುವ ಸಂತೋಷ ಬರಿಯ ಸಮೀಕರಣದಿಂದ ಹುಟ್ಟತಕ್ಕದ್ದಲ್ಲ. ಐದು ಅಕ್ಷರದ ಸ್ವರಗುಚ್ಛವನ್ನು ಏಳು ಅಕ್ಷರದ ತಾಳಕ್ಕೆ ಹಾಡುತ್ತ ಹೋದರೆ ಐದು ಆವರ್ತ ಕಳೆದು ಮೂವತ್ತೈದನೆಯ ಅಕ್ಷರಕ್ಕೆ ಮುಗಿದು ಸಮಕ್ಕೆ ಬಂದು ಕೂಡುತ್ತದೆ. ಲಘುತಮ ಸಾಮಾನ್ಯ ಅಪವರ್ತ್ಯವೆಂಬ ದೀರ್ಘನಾಮದ ಅರ್ಥ ಇಷ್ಟೆ. ಮೃದಂಗದವರ ಮುಕ್ತಾಯವು ಇನ್ನೂ ಮೇಲಿನ ತರಗತಿಗೆ ಸಲ್ಲುವ ಪಾಠ: ಒಂದೇ ಸೊಲ್ಲುಕಟ್ಟನ್ನು ಮೂರು ಸಲ ನುಡಿಸಿ ನಡುವೆ ಎರಡು ಸಮನಾದ ಬಿಡುವುಗಳನ್ನಿಟ್ಟು ಆದಿತಾಳದ 32 ಮಾತ್ರೆಗಳನ್ನು ತುಂಬಬೇಕಾದರೆ ಕಟ್ಟು 10 ಬಿಡುವು 1, ಕಟ್ಟು 8 ಬಿಡುವು 4, ಕಟ್ಟು 6 ಬಿಡುವು 7, ಹೀಗೆ ಹಲವು ಉತ್ತರಗಳು. 499ರಲ್ಲಿ ಆರ್ಯಭಟನು ಕುಟ್ಟಕವೆಂದು ಬಿಡಿಸಿದ ಲೆಕ್ಕದ ಜಾತಿಯೇ ಇದು.

ಇಷ್ಟನ್ನು ಹೇಳಿದ ಮೇಲೆ, ಎಲ್ಲಕ್ಕಿಂತ ಮೊದಲು ಮಾಡಿಸಬೇಕೆಂದು ನನಗೆ ತೋರುವ ಪ್ರಯೋಗವು ತೀರ ಸಣ್ಣದು. ನಾಲ್ಕು ಮಾತ್ರೆಯ ರೂಪಗಳನ್ನೆಲ್ಲ ಬರೆಯಿರೆಂದು ಮಕ್ಕಳಿಗೆ ಹೇಳಬೇಕು. ಐದು ಸಿಕ್ಕುವ ತನಕ ಕಾಯಬೇಕು. ಆರನೆಯದು ಏಕಿಲ್ಲವೆಂದು ಅವರಿಂದಲೇ ಸಾಧಿಸಬೇಕು. ಬಳಿಕ ಒಂದೊಂದಕ್ಕೂ ಮಾತುಗಳನ್ನು ಕೂಡಿಸಿ ಚಪ್ಪಾಳೆ ತಟ್ಟುತ್ತ ಹೇಳಿಸಬೇಕು. ನಾಲ್ಕು ರೂಪಗಳು ಚಪ್ಪಾಳೆಯೊಡನೆ ನಡೆದು ಒಂದು ಮಾತ್ರ ಎಡವುವುದನ್ನು ಅವರಲ್ಲೊಬ್ಬರು ಗುರುತಿಸುತ್ತಾರೆ. ಎಡವಿದ ಗಣದ ಹೆಸರನ್ನು ಉಪಾಧ್ಯಾಯರು ಆಗ ಹೇಳಿದರೆ ಸಾಕು. ಐದೆಂಬುದು ಗಣಿತದ ಉತ್ತರ, ನಾಲ್ಕೆಂಬುದು ಕಿವಿಯ ಉತ್ತರ, ಎರಡೂ ಸರಿಯೆಂಬುದನ್ನು ಮಕ್ಕಳು ಆ ಹೊತ್ತಿಗೆ ಕಂಡುಕೊಂಡಿರುತ್ತಾರೆ.