ದೊಡ್ಡಮ್ಮನ ಸಾಸಿವೆ ಚೀಲ

ಕಳೆದ ಮೇ ತಿಂಗ್ಳಲ್ಲಿ, ಮಳೆ ಹಿಡಿಯ ಮೊದ್ಲು, ಅಟ್ಟದ ಮೇಲಿದ್ದ ದೊಡ್ಡಮ್ಮನ ಟ್ರಂಕು ಇಳಿಸಿ ಬಿಸ್ಲಿಗೆ ಇಟ್ಟಿ. ದೊಡ್ಡಮ್ಮ ಹೋಗಿ ಹನ್ನೊಂದು ವರ್ಷ ಆತು. ಆದ್ರೂ ಆ ಟ್ರಂಕು ಬಿಚ್ಚಲೆ ಮನೆಲಿ ಯಾರಿಗೂ ಮನಸ್ಸು ಬಂದಿತ್ತಿಲ್ಲೆ. ಎರಡು ಪಟ್ಟೆ ಸೀರೆ, ಒಂದು ಕನ್ನಡಕ, ಎಲ್ಲದಕ್ಕಿಂತ ಅಡಿಗೆ ಒಂದು ಉರುಟು ಚೀಲ. ಹಳೇ ಪಂಚೆ ಹರಿದು ಕೈಲೇ ಹೊಲದ್ದು. ಹೊಲಿಗೆ ಬಿಟ್ಟ ಕಡೆ ಬೆರಳು ಹಾಕಿ ನೋಡಿರೆ ಒಳಗೆ ಹತ್ತಿ, ಹತ್ತಿ ನಡುಗೆ ಸಣ್ಣ ಗಂಟು, ಗಂಟಿನೊಳಗೆ ಸಾಸಿವೆ.

ನಿಂಗಳಲ್ಲಿ ಕೆಲವು ಜನಕ್ಕೆ ಗೊತ್ತಿಕ್ಕು. 1986ರಲ್ಲಿ ದೊಡ್ಡಮ್ಮಂಗೆ ಎಡಗಡೆ ಮೊಲೆಲಿ ಗಂಟು ಹೇಳಿ ಅರಳಸುರಳಿಂದ ತೀರ್ಥಹಳ್ಳಿಗೆ, ಅಲ್ಲಿಂದ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕರ್ಕ್ಯಂಡು ಹೋಗಿದ್ದ. ಕೇರಿಲಿ ಹೇಳಿದ್ದು ಮಾತ್ರ ‘ಹೊಟ್ಟೆ ಆಪರೇಶನ್’ ಹೇಳಿ. ಮೊಲೆ ಹೇಳ ಶಬ್ದ ಜಗ್ಲಿಲಿ ಆಡಲಾಗ ಹೇಳ ಕಾಲ ಅದು. (ಈಗ ಆನು ಬರದ್ದಕ್ಕೆ ಬೇಜಾರು ಮಾಡ್ಕ್ಯಳಡಿ. ಬೇರೆ ಶಬ್ದ ಹುಡುಕಿ ಹುಡುಕಿಯೇ ನಾವು ಇಷ್ಟು ಹಿಂದೆ ಬಿದ್ದದ್ದು.) ಆಮೇಲೆ ದೊಡ್ಡಮ್ಮ 28 ವರ್ಷ ಬದುಕ್ಚು. ಅಷ್ಟೂ ವರ್ಷ ರವಿಕೆ ಒಳಗೆ ಈ ಚೀಲ ಇಟ್ಕ್ಯಂಡೇ ಇತ್ತು. ಬರೀ ಹತ್ತಿ ಹಾಕಿರೆ ಹಗೂರಾಗಿ ಮೇಲೆ ಏರ್ತು, ಬಗ್ಗಿ ಅಂಗಳ ಗುಡಿಸಕ್ಕಾದ್ರೆ ಜಾರಿ ಬೀಳ್ತು. ಅದಕ್ಕೇ ಸಾಸಿವೆ. ಈ ಉಪಾಯ ಅದಕ್ಕೆ ಯಾರೂ ಹೇಳಿಕೊಟ್ಟದ್ದಲ್ಲ.

ಅದೇ ವಾರ ಅಕ್ಕನ ಮಗಳು ಬೆಂಗ್ಳೂರಿಂದ ಬಂದಿತ್ತು. ಚೀಲ ಕೈಲಿ ಹಿಡ್ಕ್ಯಂಡು, ಅಡಿಗೆಮನೆ ತಕ್ಕಡಿಲಿ ಇಟ್ಟು ನೋಡ್ಚು. 280 ಗ್ರಾಂ. “ಚಿಕ್ಕಮ್ಮಾ, ಇದು ಇಂಪ್ಲಾಂಟೇ ಅಲ್ದಾ! ಯಂಗೆ ಹೇಳಿದ ಸೈಜೂ ಹೆಚ್ಚುಕಡಿಮೆ ಇಷ್ಟೇ” ಹೇಳ್ಚು. ಯಂಗೆ ಅರ್ಥ ಆಜಿಲ್ಲೆ. ಆಮೇಲೆ ನಿಧಾನಕ್ಕೆ ಬಾಯಿಬಿಡ್ಚು: ಎದೆ ದೊಡ್ಡ ಮಾಡಿಸ್ಕ್ಯಳವು ಹೇಳಿ ಎರಡು ವರ್ಷದಿಂದ ಮನಸ್ಸಲ್ಲಿ ಇದ್ದಡ, ದುಡ್ಡೂ ಕೂಡಿಸಿಟ್ಟಿದ್ದಡ. “ದೇವ್ರು ಕೊಟ್ಟದ್ದು ಸಾಕಾಗ್ತಿಲ್ಲೆಯಾ?” ಹೇಳಿ ಗದರಿಸಿಬಿಟ್ಟಿ. ಕೂಸು ಸುಮ್ಮನಾತು. ರಾತ್ರಿ ಊಟಕ್ಕೂ ಸರಿ ಬೈಂದಿಲ್ಲೆ.

ದೊಡ್ಡಮ್ಮ ಚೀಲ ಹೊಲದ್ರೆ ಪಾಪ ಹೇಳ್ತ್ಯ, ಈ ಕೂಸು ಕೇಳಿರೆ ಬೈತ್ಯ. ಎರಡೂ ಒಂದೇ ಅಲ್ಲ, ಗೊತ್ತಿದ್ದು. ಆದ್ರೆ ತಿಳ್ಕ್ಯಳದ್ದೆ ಬೈದದ್ದು ತಪ್ಪು ಅನಿಸ್ಚು. ಅದೂ ಅಲ್ಲದೆ ಕೂಸು ವಿಚಾರಿಸಿದ ಒಂದು ಕ್ಲಿನಿಕ್ಕಿನವು “ಒಂದು ಸಲ ಹಾಕಿಸಿರೆ ಜೀವಮಾನ ಪೂರ್ತಿ ನಿಶ್ಚಿಂತೆ” ಹೇಳಿದ್ವಡ. ಆ ಮಾತು ನಿಜವಾ ಹೇಳಿ ನೋಡಲೆ ಕುಂತವಳಿಗೆ ನೂರಿಪ್ಪತ್ತು ವರ್ಷದ ಕತೆಯೇ ಸಿಕ್ಚು.

ಕತೆಯ ಬೇರು ನಮ್ಮ ಶ್ರೀರಂಗಪಟ್ಟಣದ ಹತ್ರವೇ ಇದ್ದು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೀತಿದ್ದ ಕಾವಸ್ಜಿ ಹೇಳವ ಟಿಪ್ಪು ಕಡೆಯವ್ರ ಕೈಗೆ ಸಿಕ್ಕಿಬಿದ್ದ. ಮೂಗೂ ಒಂದು ಕೈಯೂ ಕಡಿದು ಬಿಟ್ಟ. ಮುಂದೆ ಪುಣೆಲಿ ಒಬ್ಬ ಕುಂಬಾರ ಜಾತಿಯ ವೈದ್ಯ ಅವನ ಹಣೆ ಚರ್ಮ ಮಡಚಿ ಹೊಸ ಮೂಗು ಮಾಡಿದ. 1794ರ ಅಕ್ಟೋಬರದಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಲ್ಲಿ ಅದರ ಚಿತ್ರ ಸಮೇತ ಬಂತು. ಅದನ್ನ ಓದಿದ ಕಾರ್ಪ್ಯೂ ಹೇಳ ಡಾಕ್ಟ್ರು ಹಾಂಗೇ ಮಾಡಿ ನೋಡಿ 1816ರಲ್ಲಿ ಪುಸ್ತಕ ಬರೆದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಗೆ ಯುರೋಪಲ್ಲಿ ದಾರಿ ಆದ್ದು ಹೀಂಗೆ. ಒಂದು ಕಡೆ ಹೋದ್ದನ್ನ ಅದೇ ಮೈಯಿನ ಇನ್ನೊಂದು ಕಡೆಯಿಂದ ತುಂಬದು.

ಮೊಲೆ ವಿಷಯದಲ್ಲೂ ಮೊದಲು ಹಾಂಗೇ ಮಾಡಿದ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಚೆರ್ನಿ ಹೇಳ ಸರ್ಜನ್ನು ಗಂಟು ತೆಗೆದ ಜಾಗಕ್ಕೆ ಅದೇ ಹೆಂಗಸಿನ ಮೈಲಿದ್ದ ಒಂದು ಕೊಬ್ಬಿನ ಗಡ್ಡೆ ತಂದು ಕೂರಿಸಿದ. ಅಷ್ಟಕ್ಕೇ ನಿಂತಿದ್ರೆ ಚೊಲೋ ಇತ್ತು. 1899ರಲ್ಲಿ ವಿಯೆನ್ನಾದ ಗೆರ್ಸುನಿ ಮೈಗೆ ಪ್ಯಾರಾಫಿನ್, ಹೇಳಿರೆ ನಾವು ಮೇಣದಬತ್ತಿ ಮಾಡ ಮೇಣವನ್ನೇ, ಸೂಜಿಲಿ ಚುಚ್ಚದು ಸುರು ಮಾಡಿದ. ನೋಡಲೆ ಸುಲಭ. ಅದನ್ನ ಮೊಲೆಗೂ ಚುಚ್ಚಿದ. ವರ್ಷ ಕಳೆದ ಹಾಂಗೆ ಮೇಣ ಗಂಟುಗಟ್ಟಿ, ಕೀವಾಗಿ, ಎಲ್ಲಿಂದ ಎಲ್ಲಿಗೋ ಸರಿದು ಹೋತು. ಎರಡನೇ ಮಹಾಯುದ್ಧ ಆದ ಮೇಲೆ ಜಪಾನಲ್ಲಿ ದ್ರವ ಸಿಲಿಕೋನ್ ಚುಚ್ಚಿದ, ಅದರ ಪಾಡೂ ಅದೇ. 1950ರ ಹೊತ್ತಿಗೆ ಪ್ಲಾಸ್ಟಿಕ್ ಸ್ಪಂಜು ಕತ್ತರಿಸಿ ಒಳಗೆ ಇಟ್ಟ. ಅದು ಒಣಗಿದ ತೆಂಗಿನಕಾಯಿ ಹಾಂಗೆ ಗಟ್ಟಿ ಆತು.

ಆಮೇಲೆ ಅಮೆರಿಕದ ಹ್ಯೂಸ್ಟನ್. ಈ ಭಾಗ ಓದಿದ ದಿನ ಯಂಗೆ ನಿದ್ದೆ ಬೈಂದಿಲ್ಲೆ. ಫ್ರಾಂಕ್ ಜೆರೋ ಹೇಳ ಡಾಕ್ಟ್ರು ರಕ್ತ ತುಂಬಿದ ಪ್ಲಾಸ್ಟಿಕ್ ಚೀಲ ಕೈಲಿ ಒತ್ತಿ ನೋಡಿ, ಮೊಲೆ ಹಾಂಗೇ ಇದ್ದಲಾ ಹೇಳಿ ಯೋಚನೆ ಮಾಡಿದ್ವಡ. ಅವ್ರೂ ಥಾಮಸ್ ಕ್ರೋನಿನ್ನೂ ಸೇರಿ ಸಿಲಿಕೋನ್ ಚೀಲದೊಳಗೆ ಸಿಲಿಕೋನ್ ಜೆಲ್ ತುಂಬಿ, ಮೊದಲು ಎಸ್ಮೆರಾಲ್ಡಾ ಹೇಳ ನಾಯಿಗೆ ಹಾಕಿದ. ನಾಯಿ ಹೊಲಿಗೆ ಕಚ್ಚಲೆ ಸುರು ಮಾಡ್ಚಡ, ಕೆಲವು ವಾರದಲ್ಲೇ ತೆಗೆದ. ಆದ್ರೂ ಪರೀಕ್ಷೆ ಪಾಸು ಹೇಳಿ ತೀರ್ಮಾನ.

1962ರಲ್ಲಿ ಬಡವರ ಆಸ್ಪತ್ರೆಯಾದ ಜೆಫರ್ಸನ್ ಡೇವಿಸಿಗೆ ಟಿಮ್ಮಿ ಜೀನ್ ಲಿಂಡ್ಸಿ ಹೇಳ ಹೆಂಗಸು ಬಂತು. ಆರು ಮಕ್ಕಳ ತಾಯಿ. ಬಂದದ್ದು ಎದೆ ಮೇಲಿನ ಹಚ್ಚೆ ತೆಗೆಸಲೆ. ಮೊಲೆ ದೊಡ್ಡ ಮಾಡ್ಕ್ಯಳವು ಹೇಳಿ ಅದಕ್ಕೆ ಕನಸಲ್ಲೂ ಇತ್ತಿಲ್ಲೆ. ಡಾಕ್ಟ್ರೇ ಕೇಳಿದ, ಹೊಸಾದೊಂದು ಇದ್ದು, ಹಾಕಿಸ್ಕ್ಯಳ್ತ್ಯಾ ಹೇಳಿ. ಯಂಗೆ ಮುಂದೆ ಚಾಚಿದ ಕಿವಿ ಸರಿ ಮಾಡ್ಸವು ಹೇಳಿ ಆಸೆ ಅಂತು ಅದು. ಕಿವಿಯನ್ನೂ ಮಾಡಿಕೊಡ್ತ್ಯ ಹೇಳಿದ ಮೇಲೆ ಒಪ್ಚು. ಜಗತ್ತಿನ ಮೊದಲ ಸಿಲಿಕೋನ್ ಮೊಲೆ ಹೀಂಗೆ ಒಂದು ಜೊತೆ ಕಿವಿ ಲೆಕ್ಕದಲ್ಲಿ ಬಂದದ್ದು. 2012ರಲ್ಲಿ, ಐವತ್ತು ವರ್ಷ ಕಳೆದ ಮೇಲೆ, ಪತ್ರಿಕೆಯವು ಹುಡುಕಿ ಹೋಗಿ ಮಾತಾಡಿಸಿದಾಗ್ಲೂ ಅದರ ಮೈಲಿ ಅವೇ ಇತ್ತು.

ಡೌ ಕಾರ್ನಿಂಗ್ ಕಂಪನಿ ಇದನ್ನ ಮಾರಲೆ ಸುರು ಮಾಡ್ಚು. ಅಮೆರಿಕದಲ್ಲಿ ಇಂಥ ಸಾಮಾನಿಗೆ ಕಾನೂನು ಬಂದದ್ದೇ 1976ರಲ್ಲಿ. ಅಷ್ಟೊತ್ತಿಗೆ ಪೇಟೆಲಿ ಇದ್ದ ಕಾರಣ ಇಂಪ್ಲಾಂಟಿನ ಪುರಾವೆ ಯಾರೂ ಕೇಳಿದ್ದಿಲ್ಲೆ. ಕೇಳಿದ್ದು ಹೆಂಗಸ್ರು, ಕೋರ್ಟಲ್ಲಿ. ಒಡೆದದ್ದು, ಕಲ್ಲಾದ್ದು, ಸೋರಿದ್ದು ಹೇಳಿ ಸಾವಿರಾರು ಜನ. 1992ರಲ್ಲಿ ಅಲ್ಲಿನ ಎಫ್‌ಡಿಎ ಮುಖ್ಯಸ್ಥ ಡೇವಿಡ್ ಕೆಸ್ಲರ್ ಸಿಲಿಕೋನ್ ಜೆಲ್ಲಿಗೆ ತಡೆ ಹಾಕಿದ. ಕ್ಯಾನ್ಸರಿಗೆ ಮೊಲೆ ತೆಗೆಸಿದವಕ್ಕೆ ಮತ್ತೆ ಅಧ್ಯಯನಕ್ಕೆ ಸೇರಿದವಕ್ಕೆ ಮಾತ್ರ ಬಿಟ್ಟ. 1995ರಲ್ಲಿ ಡೌ ಕಾರ್ನಿಂಗ್ ದಿವಾಳಿ ಅರ್ಜಿ ಹಾಕ್ಚು. 1999ರಲ್ಲಿ ಅಲ್ಲಿನ ತಜ್ಞರ ಸಮಿತಿ, ಮೈಯೆಲ್ಲ ಬಪ್ಪ ದೊಡ್ಡ ಖಾಯಿಲೆಗೆ ಇದೇ ಕಾರಣ ಹೇಳಲೆ ಪುರಾವೆ ಇಲ್ಲೆ, ಆದ್ರೆ ಒಡೆಯದು, ಗಟ್ಟಿಯಾಪದು, ಮತ್ತೆ ಮತ್ತೆ ಆಪರೇಶನ್ ಆಪದು ನಿಜವಾದ ತೊಂದರೆ ಹೇಳಿ ವರದಿ ಕೊಡ್ಚು. 2006ರಲ್ಲಿ ಎರಡು ಕಂಪನಿಗೆ ಮತ್ತೆ ಒಪ್ಪಿಗೆ ಸಿಕ್ಚು. ದೊಡ್ಡ ಮಾಡಿಸ್ಕ್ಯಳಲೆ ಜೆಲ್ಲಿಂದು 22 ವರ್ಷ ದಾಟಿದವಕ್ಕೆ, ಉಪ್ಪುನೀರಿಂದು 18 ದಾಟಿದವಕ್ಕೆ.

ಅಷ್ಟಾದ್ರೂ ಮುಗಿದ್ದಿಲ್ಲೆ. ಫ್ರಾನ್ಸಿನ ಪಿಐಪಿ ಹೇಳ ಕಂಪನಿ ವೈದ್ಯಕೀಯ ಸಿಲಿಕೋನ್ ಬದ್ಲು ಕಾರ್ಖಾನೆಗೆ ಬಳಸ ಅಗ್ಗದ ಸಿಲಿಕೋನ್ ತುಂಬಿ ಮಾರ್ತಿತ್ತು. 2010ರಲ್ಲಿ ಸಿಕ್ಕಿಬಿತ್ತು. ಅಷ್ಟೊತ್ತಿಗೆ ಸುಮಾರು 3 ಲಕ್ಷ ಹೆಂಗಸ್ರ ಮೈ ಸೇರಿ ಆಗಿತ್ತು. ಮಾಲಿಕ ಜಾನ್ ಕ್ಲೋದ್ ಮಾಸಿಗೆ 2013ರಲ್ಲಿ 4 ವರ್ಷ ಜೈಲು. ಎಣ್ಣೆಗೆ ಕಲಬೆರಕೆ ಮಾಡಿದವನಿಗೂ ಅಷ್ಟೇ ಶಿಕ್ಷೆ ಆಗ್ತೇನ. ಅದಾದ ಮೇಲೆ ಹೊರಮೈ ಒರಟಾಗಿಪ್ಪ ಇಂಪ್ಲಾಂಟಿನ ಸುತ್ತ, ಅಪರೂಪಕ್ಕೆ, ಒಂದು ನಮೂನೆ ರಕ್ತಕಣದ ಕ್ಯಾನ್ಸರ್ ಬತ್ತು ಹೇಳದು ಗಟ್ಟಿಯಾಗಿ 2019ರ ಜುಲೈಲಿ ಅಲರ್ಗನ್ ಕಂಪನಿ ಬಯೋಸೆಲ್ ಹೇಳ ಮಾಲನ್ನ ಜಗತ್ತಿನಾದ್ಯಂತ ವಾಪಸ್ ತಗಂಡ್ಚು. ಅದು ಮೊಲೆ ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆ ಕಳೆದ ಮೇಲೆ ಒಂದು ಬದಿ ದಿಢೀರ್ ಬಾತುಕೊಂಡ್ರೆ ಅಸಡ್ಡೆ ಮಾಡಲಾಗ. ಬೇಗ ಗೊತ್ತಾದ್ರೆ ಇಂಪ್ಲಾಂಟನ್ನೂ ಸುತ್ತಿನ ಪರೆಯನ್ನೂ ತೆಗೆದ್ರೆ ಹೆಚ್ಚಿನವಕ್ಕೆ ಗುಣ ಆಗ್ತು.

ಕೊನೆಗೆ 2021ರ ಅಕ್ಟೋಬರದಲ್ಲಿ ಎಫ್‌ಡಿಎ ಒಂದು ನಿಯಮ ಮಾಡ್ಚು: ಇದು ಜೀವಮಾನದ ಸಾಮಾನಲ್ಲ ಹೇಳದನ್ನ ಚೌಕದೊಳಗೆ ಬರೆಯವು, ಒಂದೊಂದೇ ಅಪಾಯ ಓದಿ ಹೇಳಿ ಹೆಂಗಸಿನ ಸಹಿ ತಗಳವು. ಲಿಂಡ್ಸಿ ಆಸ್ಪತ್ರೆಗೆ ಹೋಗಿ 59 ವರ್ಷ ಆದ ಮೇಲೆ! ನಮ್ಮ ಕೂಸಿಗೆ ಕ್ಲಿನಿಕ್ಕಿನವು ಹೇಳಿದ ‘ಜೀವಮಾನ ಪೂರ್ತಿ’ ಮಾತು ಅಲ್ಲಿಗೆ ಸುಳ್ಳು ಹೇಳಿ ಆತು.

ಇಷ್ಟೆಲ್ಲ ಓದಿ ಆದ ಮೇಲೆ ಕೂಸಿಗೆ ಫೋನ್ ಮಾಡಿದಿ. ಬೈದದ್ದಕ್ಕೆ ತಪ್ಪಾತು ಹೇಳಿದಿ, ಮಾಡಿಸ್ಕ್ಯಳಡ ಹೇಳಿದ್ದಿಲ್ಲೆ. ಗೊತ್ತಾದ್ದನ್ನ ಹೇಳಿದಿ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡ ಆಪರೇಶನ್, ಒಂದೆರಡು ತಾಸು. ಮೊಲೆ ಅಡಿಗಿನ ಮಡಿಕೆಲೋ, ತೊಟ್ಟಿನ ಸುತ್ತಿನ ಕಪ್ಪಿನ ಅಂಚಲ್ಲೋ, ಕಂಕುಳಲ್ಲೋ ಕೊಯ್ದು ಒಳಗೆ ಕೂರಿಸ್ತ. ಎದೆ ಸ್ನಾಯುವಿನ ಮೇಲೆ ಇಟ್ರೆ ನೋವು ಕಡಿಮೆ, ತೆಳ್ಳಗಿಪ್ಪವಕ್ಕೆ ಅಂಚು ಕಾಣ್ತು. ಅಡಿಗೆ ಇಟ್ರೆ ನೋವು ಜಾಸ್ತಿ, ಅಂಚು ಮುಚ್ಚಿಹೋಗ್ತು. ಸುರುವಿಗೆ ಎದೆ ಬಿಗಿದು ಬಾತು, ಕೈ ಎತ್ತಿ ತಲೆ ಬಾಚಲೂ ಕಷ್ಟ. ಭಾರ ಎತ್ತದು ಕೆಲವು ವಾರ ಬಿಡವು. ಬಿಂದಿಗೆ ನೀರು ಬೆಂಗ್ಳೂರಲ್ಲಿ ಯಾರು ಎತ್ತಕ್ಕು, ಆದ್ರೆ ಊರಿಗೆ ಬಂದ್ರೆ ಅಡಿಕೆ ಮೂಟೆಗೆ ಕೈ ಹಾಕಲಾಗ ಹೇಳಿದಿ. ತೊಟ್ಟಿನ ಸ್ಪರ್ಶ ಕಡಿಮೆ ಅಕ್ಕು, ಕೆಲವು ಸಲ ವಾಪಸ್ ಬತ್ತಿಲ್ಲೆ. ಹಾಲು ಕುಡಿಸದಕ್ಕೆ ಅಡ್ಡಿ ಆಗ್ಲೂಬಹುದು, ತೊಟ್ಟಿನ ಹತ್ರ ಕೊಯ್ದ್ರೆ ಹೆಚ್ಚು. ಮದುವೆ, ಮಕ್ಕ ಹೇಳಿ ಇದ್ದವು ಇದನ್ನ ಮೊದಲೇ ಡಾಕ್ಟ್ರ ಹತ್ರ ಬಾಯಿಬಿಟ್ಟು ಕೇಳವು.

ಉಪ್ಪುನೀರಿಂದು ಸೋರಿರೆ ಮೈ ಹೀರ್ಕ್ಯಳ್ತು, ಮೊಲೆ ಚಪ್ಪಟೆ ಆಗಿ ಕೂಡ್ಲೇ ಗೊತ್ತಾಗ್ತು. ಜೆಲ್ಲಿಂದು ಮುಟ್ಟಲೆ ಮೆತ್ತಗೆ, ಆದ್ರೆ ಒಡೆದ್ರೆ ಸದ್ದಿಲ್ಲೆ, ಸುದ್ದಿಯಿಲ್ಲೆ. ಅದಕ್ಕೇ 5-6 ವರ್ಷಕ್ಕೆ ಒಂದು ಸಲ, ಆಮೇಲೆ 2-3 ವರ್ಷಕ್ಕೊಂದು ಸಲ ಎಂಆರ್‌ಐನೋ ಅಲ್ಟ್ರಾಸೌಂಡೋ ಮಾಡ್ಸವು ಹೇಳ್ತ. ಆ ಖರ್ಚನ್ನ ಕೂಸು ಲೆಕ್ಕ ಹಾಕಿತ್ತಿಲ್ಲೆ. ಮೈ ತನ್ನಷ್ಟಕ್ಕೇ ಸುತ್ತ ಪರೆ ಕಟ್ತು. ಕೆಲವು ಜನಕ್ಕೆ ಆ ಪರೆ ಬಿಗಿದು ಮೊಲೆ ಕಲ್ಲಾಗಿ ನೋವು ಬತ್ತು, ಮತ್ತೆ ಕೊಯ್ಯದೇ ದಾರಿ. ಸೊಂಟದ ಕೊಬ್ಬು ತೆಗೆದು ತುಂಬದೂ ಇದ್ದು. ಚೆರ್ನಿಯ ಹಳೇ ದಾರಿಯೇ ಅದು. ಆದ್ರೆ ಸ್ವಲ್ಪವೇ ದೊಡ್ಡ ಆಪದು, ತುಂಬಿದ್ದರಲ್ಲಿ ಒಂದು ಪಾಲು ಕರಗಿ ಹೋಗ್ತು. ಯಾವುದೇ ಹಾಕ್ಸಿದ್ರೂ ಮುಂದೆ ಮ್ಯಾಮೋಗ್ರಾಮ್ ಮಾಡ್ಸಕ್ಕಾದ್ರೆ ಮೊದಲೇ ಹೇಳವು. ನಮ್ಮ ಮನೆಲಿ ದೊಡ್ಡಮ್ಮನ ಖಾಯಿಲೆ ಇದ್ದ ಮೇಲೆ ಈ ಮಾತು ಕೂಸಿಗೆ ಎರಡು ಸಲ ಹೇಳಿದಿ.

2022ರ ಮೇಲಿ ಬೆಂಗ್ಳೂರಲ್ಲಿ ಒಂದು ಕಿರುತೆರೆ ನಟಿ, ಇನ್ನೂ 21 ವರ್ಷ, ಕೊಬ್ಬು ತೆಗೆಸ ಆಪರೇಶನ್ ಆದ ಮೇಲೆ ತೀರ್ಕ್ಯಂಡದ್ದು ಟಿವಿಲಿ ನಿಂಗಳೂ ನೋಡಿದ್ದಿ. ಅದು ಬೇರೆ ಆಪರೇಶನ್. ಆದ್ರೂ ಕೂಸಿಗೆ ಹೇಳಿದಿ: ಡಾಕ್ಟ್ರು ಪ್ಲಾಸ್ಟಿಕ್ ಸರ್ಜರಿಲಿ ಎಂಸಿಎಚ್ ಓದಿದ್ವಾ, ಅರಿವಳಿಕೆ ಡಾಕ್ಟ್ರು ಆಪರೇಶನ್ ಮುಗಿಯವರೆಗೂ ಇರ್ತ್ವಾ, ಐಸಿಯು ಇದ್ದಾ, ಹಾಕಿದ ಮಾಲಿನ ಹೆಸರು ನಂಬರು ಬರೆದ ಚೀಟಿ ಕೊಡ್ತ್ವಾ ಹೇಳಿ ಕೇಳು. ಪಿಐಪಿ ಗಲಾಟೆಲಿ ತನ್ನ ಮೈಲಿ ಯಾವುದು ಇದ್ದು ಹೇಳಿ ಗೊತ್ತಿಲ್ಲದ್ದೆ ಕಂಗಾಲಾದವು ರಾಶಿ ಜನ.

ದೊಡ್ಡಮ್ಮಂಗೆ ಇದ್ಯಾವುದೂ ಯಾರೂ ಹೇಳಿದ್ದಿಲ್ಲೆ. ಹೊಟ್ಟೆಯ ಚರ್ಮ ಕೊಬ್ಬು ಸರಿಸಿ ಮೊಲೆ ಕಟ್ಟದನ್ನ ಅಮೆರಿಕದ ಹಾರ್ಟ್‌ರ್ಯಾಂಫ್ ಹೇಳ ಡಾಕ್ಟ್ರು 1982ರಲ್ಲೇ ಬರೆದಿದ್ದ. ಬೆನ್ನಿನ ಸ್ನಾಯು ತರದು ಇಟಲಿಲಿ 1906ರಿಂದ್ಲೂ ಇದ್ದು. ಚೆನ್ನೈಯ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಲಿ 2018ರಲ್ಲಿ ಬಡವಕ್ಕೆ ಪುಕ್ಕಟೆ ಮಾಡಿಕೊಡಲೆ ಸುರು ಮಾಡಿದಾಗ, ಚೆಂದಕ್ಕೆ ಸರ್ಕಾರದ ದುಡ್ಡು ಎಂತಕ್ಕೆ ಹೇಳಿ ಕೇಳಿದವೂ ಇದ್ದ. ಅವಕ್ಕೆ ಈ ಸಾಸಿವೆ ಚೀಲ ಕಳಿಸಿಕೊಡವು ಅನಿಸ್ತು.

ಕೂಸು ಇನ್ನೂ ತೀರ್ಮಾನ ಮಾಡಿದ್ದಿಲ್ಲೆ. ಆ ಕ್ಲಿನಿಕ್ಕು ಬಿಟ್ಟು ಬೇರೆ ಡಾಕ್ಟ್ರ ಹತ್ರ ದೀಪಾವಳಿ ಕಳೆದ ಮೇಲೆ ಹೋಪದು ಹೇಳಿ ಆಯ್ದು. ಪ್ರಶ್ನೆ ಎಲ್ಲ ಒಂದು ಹಾಳೆಲಿ ಬರ್ಕ್ಯಂಡಿದ್ದಡ. “ಚಿಕ್ಕಮ್ಮಾ ನೀನೂ ಬಾ, ಯಂಗೆ ಅಲ್ಲಿ ಬಾಯಿ ಬತ್ತಿಲ್ಲೆ” ಹೇಳ್ಚು. ರಾತ್ರಿ ಬಸ್ಸಿಗೆ ಸೀಟು ನೋಡಲೆ ಮಾಣಿಗೆ ಹೇಳಿದ್ದಿ. ಅಕ್ಕಂಗೆ ಇನ್ನೂ ಹೇಳಿದ್ದಿಲ್ಲೆ, ಇದನ್ನ ಓದಿರೆ ಅದಕ್ಕೂ ಗೊತ್ತಾಗ್ತು.