ಕರುಳಿನ ಉರಿಯೂತದ ನಾಮಕರಣ: ಒಂದು ಚಾರಿತ್ರಿಕ ವಿವೇಚನೆ

ಜನಸಮುದಾಯಗಳು ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಲಕ್ಷಣಗಳಿಂದ ಗುರುತಿಸಿ ಹೆಸರಿಸುತ್ತವೆ. ಕನ್ನಡದ ‘ಆಮಶಂಕೆ’, ‘ರಕ್ತಭೇದಿ’ ಎಂಬ ಪದಗಳು ಇದಕ್ಕೆ ನಿದರ್ಶನ. ಭೇದಿಯಲ್ಲಿ ರಕ್ತ, ಲೋಳೆ ಕಂಡರೆ ಈ ಹೆಸರುಗಳು ಸಲ್ಲುತ್ತವೆ. ಕರುಳಿನೊಳಗಿನ ಗಾಯ ಯಾವ ಬಗೆಯದೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಯುರೋಪಿನ ವೈದ್ಯರ ಸ್ಥಿತಿಯೂ ಇದಕ್ಕಿಂತ ತೀರ ಭಿನ್ನವಾಗಿರಲಿಲ್ಲ. ದೀರ್ಘಕಾಲ ಕಾಡುವ ಕರುಳಿನ ಉರಿಯೂತವು ಬಹುಮಟ್ಟಿಗೆ ಆಮಶಂಕೆಯ ಹೆಸರಿನಲ್ಲಿಯೇ ಅಡಗಿತ್ತು.

ಹೆಸರಿಲ್ಲದ ರೋಗವು ಎಂತಹ ಅನರ್ಥಕ್ಕೆ ಎಡೆಮಾಡಬಲ್ಲದು ಎಂಬುದನ್ನು 1859ರ ಇಂಗ್ಲೆಂಡಿನ ಒಂದು ಮೊಕದ್ದಮೆ ತೋರಿಸುತ್ತದೆ. ರಿಚ್ಮಂಡ್‌ನಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಎಂಬಾಕೆ ವಾಂತಿಭೇದಿಯಿಂದ ಮೃತಳಾದಾಗ, ವಿವಾಹಿತನಾಗಿದ್ದೂ ಆಕೆಯನ್ನು ವರಿಸಿದ್ದ ವೈದ್ಯ ಥಾಮಸ್ ಸ್ಮೆಥರ್ಸ್ಟ್ ವಿಷವಿಕ್ಕಿದನೆಂಬ ಆರೋಪ ಬಂದಿತು. ಪರೀಕ್ಷೆಯಲ್ಲಿ ಕಂಡ ಪಾಷಾಣವು ಪರೀಕ್ಷೆಗೆ ಬಳಸಿದ ತಾಮ್ರದಿಂದಲೇ ಬಂದದ್ದೆಂದು ತಜ್ಞ ಟೇಲರ್ ಒಪ್ಪಿಕೊಂಡರೂ ಮರಣದಂಡನೆ ವಿಧಿಸಲಾಯಿತು. ಬಳಿಕ ಸಾಕ್ಷ್ಯದ ಮರುಪರಿಶೀಲನೆ ನಡೆದು, ಅದೇ ವರ್ಷ ಕೊಲೆ ಆರೋಪದಿಂದ ಆತನಿಗೆ ಕ್ಷಮಾದಾನ ದೊರೆಯಿತು. ಮೃತಳ ಕರುಳನ್ನು ಪರಿಶೀಲಿಸಿದ್ದ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಅದರ ವಿವರವನ್ನು ಪ್ರಕಟಿಸಿದರು. ‘ಅಲ್ಸರೇಟಿವ್ ಕೊಲೈಟಿಸ್’ ಎಂಬ ಹೆಸರಿನ ಮೂಲವನ್ನು ಸಾಮಾನ್ಯವಾಗಿ ಈ ಬರಹದಲ್ಲಿಯೇ ಗುರುತಿಸಲಾಗುತ್ತದೆ. ಆದರೆ ಉರಿಯೂತವು ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಹಬ್ಬಿದ್ದುದರಿಂದ ಅದು ಕ್ರೋನ್ಸ್ ಕಾಯಿಲೆಯಾಗಿದ್ದಿರಬೇಕೆಂದು ಅನಂತರದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಆ ಎರಡನೆಯ ಹೆಸರು ಬರಲು ಏಳು ದಶಕಗಳೇ ಬೇಕಾದವು. 1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯೆಲ್ ಇಂತಹ ಕರುಳುಗಳನ್ನು ವರ್ಣಿಸಿ, ದನಗಳ ಜೋನ್ಸ್ ಕಾಯಿಲೆಯೊಡನೆ ಹೋಲಿಸಿದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ 14 ರೋಗಿಗಳ ವಿವರ ಪ್ರಕಟಿಸಿದರು. ಲೇಖಕರ ಹೆಸರುಗಳು ಅಕಾರಾದಿಯಲ್ಲಿದ್ದುದರಿಂದ ಮೊದಲಿಗನ ಹೆಸರೇ ರೋಗಕ್ಕೆ ಅಂಟಿಕೊಂಡಿತು. ಈ ಕಾಯಿಲೆ ದೊಡ್ಡ ಕರುಳಿನಲ್ಲಿಯೂ ನೆಲೆಸಬಲ್ಲದೆಂಬುದನ್ನು 1960ರಲ್ಲಿ ಲಂಡನ್ನಿನ ಲಾಕ್‌ಹಾರ್ಟ್-ಮಮ್ಮರಿ ಮತ್ತು ಮೋರ್ಸನ್ ಸ್ಥಾಪಿಸಿದರು. ಆ ಬಳಿಕ ಕೇವಲ ಸ್ಥಳದಿಂದ ಎರಡನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲವಾಯಿತು.

ಹೀಗಾಗಿ ಗಾಯದ ಆಳ ಮತ್ತು ಹರಹು ನಿರ್ಣಾಯಕವಾದವು. ಅಲ್ಸರೇಟಿವ್ ಕೊಲೈಟಿಸ್ ಸಾಮಾನ್ಯವಾಗಿ ಗುದನಾಳದಿಂದ ಆರಂಭವಾಗಿ ದೊಡ್ಡ ಕರುಳಿನಲ್ಲಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಹುಣ್ಣು ಬಹುತೇಕ ಒಳಪೊರೆಗೇ ಸೀಮಿತ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ತಲೆದೋರಬಹುದು. ನಡುನಡುವೆ ಆರೋಗ್ಯವಂತ ಭಾಗಗಳನ್ನು ಬಿಟ್ಟು, ಕರುಳಿನ ಗೋಡೆಯನ್ನು ಪೂರ್ತಿಯಾಗಿ ವ್ಯಾಪಿಸುತ್ತದೆ. ಕರುಳು ಕಿರಿದಾಗುವುದು, ಫಿಸ್ಟುಲಾ ಉಂಟಾಗುವುದು ಇದರ ಪರಿಣಾಮಗಳು. ಕೆಲವರಲ್ಲಿ ಜೀವಕೋಶಗಳ ಗಂಟುಗಳಾದ ಗ್ರಾನ್ಯುಲೋಮಗಳು ಕಾಣುತ್ತವೆ. ಆನುವಂಶಿಕ ಒಲವುಳ್ಳವರಲ್ಲಿ ದೇಹದ ರಕ್ಷಣಾವ್ಯವಸ್ಥೆಯು ಕರುಳಿನ ಸೂಕ್ಷ್ಮಜೀವಿಗಳ ವಿರುದ್ಧ ಮಿತಿಮೀರಿ ವರ್ತಿಸುವುದು ಎರಡಕ್ಕೂ ಕಾರಣವೆಂದು ಇಂದಿನ ತಿಳಿವಳಿಕೆ. 2001ರಲ್ಲಿ ಕ್ರೋನ್ಸ್ ಕಾಯಿಲೆಯೊಡನೆ ನಾಡ್2 ಜೀನಿನ ಸಂಬಂಧ ಬೆಳಕಿಗೆ ಬಂದಿತು.

ನಾಮಕರಣದ ಈ ಸಮಸ್ಯೆ ಭಾರತದಲ್ಲಿ ಇನ್ನೂ ಜಟಿಲ. ಇಲ್ಲಿ ಕರುಳಿನ ಕ್ಷಯವೂ ಅದೇ ನೆಲೆಯಲ್ಲಿ, ಅಂತಹುದೇ ಗ್ರಾನ್ಯುಲೋಮಗಳೊಡನೆ ಕಾಣಿಸಿಕೊಳ್ಳುತ್ತದೆ. ಕ್ಷಯವನ್ನು ಕ್ರೋನ್ಸ್ ಎಂದು ಭಾವಿಸಿ ರಕ್ಷಣಾಶಕ್ತಿಯನ್ನು ತಗ್ಗಿಸುವ ಮದ್ದು ಕೊಟ್ಟರೆ ರೋಗಿಯ ಪ್ರಾಣಕ್ಕೇ ಕುತ್ತು. ಎರಡೂ ಹೆಸರುಗಳಿಗೆ ಒಗ್ಗದ ‘ಅನಿರ್ಧಾರಿತ’ ಉರಿಯೂತವೂ ಉಳಿದಿದೆ. ಅಂದು ಆರೋಪಿಯೊಬ್ಬನ ಕೊರಳಿಗೆ ಸಂಬಂಧಿಸಿದ್ದ ಹೆಸರಿನ ಪ್ರಶ್ನೆ ಇಂದು ರೋಗಿಯ ಉಳಿವಿಗೆ ಸಂಬಂಧಿಸಿದ್ದಾಗಿದೆ.