ಫ್ಲೇಮಬಲ್ ಮತ್ತು ಇನ್‌ಫ್ಲೇಮಬಲ್

ಬೇಗ ಬೆಂಕಿ ಹತ್ತಿಕೊಳ್ಳುವಂಥದು ಎಂಬ ಒಂದೇ ಅರ್ಥದ ಎರಡು ಇಂಗ್ಲಿಷ್ ವಿಶೇಷಣಗಳು. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆನಿಸುತ್ತವೆ; ಬೆಂಕಿ ಹತ್ತದ ವಸ್ತುವಿಗೆ ಇರುವ ಪದ ಮಾತ್ರ ನಾನ್‌ಫ್ಲೇಮಬಲ್.

ಗೊಂದಲ ಹುಟ್ಟುವುದು ‘ಇನ್’ ಎಂಬ ಲ್ಯಾಟಿನ್ ಪೂರ್ವಪ್ರತ್ಯಯದಿಂದ. ಒಂದೇ ರೂಪದಲ್ಲಿ ಅಲ್ಲಿ ಎರಡು ಪ್ರತ್ಯಯಗಳಿವೆ. ಇನ್‌ವಿಸಿಬಲ್ ಎಂಬಲ್ಲಿರುವುದು ನಿಷೇಧ ಸೂಚಕ. ಇನ್ನೊಂದಕ್ಕೆ ‘ಒಳಗೆ’ ಎಂದರ್ಥ. ಉರಿಯೆಬ್ಬಿಸು ಎಂಬರ್ಥದ ‘ಇನ್‌ಫ್ಲಮಾರೆ’ ಕ್ರಿಯಾಪದದಲ್ಲಿರುವುದು ಇದೇ. 17ನೆಯ ಶತಮಾನದ ಆರಂಭದಿಂದ ಇಂಗ್ಲಿಷಿನಲ್ಲಿರುವ ಇನ್‌ಫ್ಲೇಮಬಲ್ ಈ ವಂಶದ್ದು. ಫ್ರೆಂಚರು ನಿಷೇಧಕ್ಕೆ ಇನ್ನೊಂದು ‘ಇನ್’ ಸೇರಿಸಿ ಗೊಂದಲ ತಪ್ಪಿಸಿಕೊಂಡಿದ್ದಾರೆ.

ಫ್ಲೇಮಬಲ್ 19ನೆಯ ಶತಮಾನದ್ದು; ಬಹುಕಾಲ ಬಳಕೆ ವಿರಳವಾಗಿತ್ತು. ‘ಇನ್’ ಕಂಡವರು ಸುರಕ್ಷಿತವೆಂದು ತಪ್ಪು ತಿಳಿದಾರೆಂಬ ಭಯದಿಂದ 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ ಅದರ ಪರ ನಿಂತಿತು; 1959ರಲ್ಲಿ ಬ್ರಿಟಿಷ್ ಮಾನಕ ಸಂಸ್ಥೆಯೂ ಅದನ್ನೇ ಶಿಫಾರಸು ಮಾಡಿತು. ಪದವೊಂದು ಜನರನ್ನು ದಾರಿ ತಪ್ಪಿಸೀತೆಂಬ ಭಯ ನಿರಾಧಾರವೇನಲ್ಲ. ಹಾರ್ಟ್‌ಫರ್ಡಿನ ಅಗ್ನಿ ವಿಮಾ ಕಂಪನಿಯೊಂದರಲ್ಲಿದ್ದ ಭಾಷಾವಿಜ್ಞಾನಿ ಬೆಂಜಮಿನ್ ಲೀ ವೋರ್ಫ್, ‘ಖಾಲಿ’ ಎಂದ ಪೆಟ್ರೋಲ್ ಡ್ರಮ್ಮುಗಳ ಬಳಿ ಜನ ಎಚ್ಚರ ತಪ್ಪುವುದನ್ನು ದಾಖಲಿಸಿದ್ದಾರೆ. ಅವುಗಳಲ್ಲಿ ಉಳಿದ ಆವಿಯೇ ಹೆಚ್ಚು ಅಪಾಯಕಾರಿ.

ಭಾರತದಲ್ಲಿ ಹಳೆಯ ಪದ ಗಟ್ಟಿಯಾಗಿ ಉಳಿದಿದೆ. 1952ರ ಕಾಯಿದೆಯೊಂದರ ಹೆಸರಿನಲ್ಲೇ ಇನ್‌ಫ್ಲೇಮಬಲ್ ಇದೆ. ಮಂಗಳೂರಿನಿಂದ ಘಟ್ಟ ಹತ್ತುವ ಟ್ಯಾಂಕರುಗಳ ಬೆನ್ನಿನ ಮೇಲೂ ‘ಹೈಲಿ ಇನ್‌ಫ್ಲೇಮಬಲ್’ ಎಂಬ ಬರಹ ಸಾಮಾನ್ಯ. ಎಚ್ಚರಿಕೆಯ ಫಲಕಕ್ಕೆ ಫ್ಲೇಮಬಲ್ ಪದವೇ ಮೇಲು. ಜ್ವಾಲೆಯ ಚಿತ್ರವೂ 3ರ ಅಂಕಿಯೂ ಇರುವ ವಿಶ್ವಸಂಸ್ಥೆಯ ಕೆಂಪು ವಜ್ರಾಕೃತಿ ಇಂಗ್ಲಿಷ್ ಬಾರದವರನ್ನೂ ಎಚ್ಚರಿಸುತ್ತದೆ.

ಸಿಡುಕು ಸ್ವಭಾವಕ್ಕೆ ಆಲಂಕಾರಿಕವಾಗಿ ಸಲ್ಲುವುದು ಇನ್‌ಫ್ಲೇಮಬಲ್ ಒಂದೇ. ಉದ್ರೇಕಕಾರಿ ಭಾಷಣಕ್ಕೂ ದೇಹದ ಉರಿಯೂತಕ್ಕೂ ಇನ್‌ಫ್ಲಮೇಟರಿ ಎಂಬ ಬೇರೆ ಪದವಿದೆ.

ತಂತ್ರಜ್ಞರಿಗೆ ಮುಖ್ಯವಾದ ಭೇದ ಫ್ಲೇಮಬಲ್ ಮತ್ತು ಕಂಬಸ್ಟಿಬಲ್ ನಡುವಿನದು. ದ್ರವದಿಂದೇಳುವ ಆವಿ ಗಾಳಿಯೊಡನೆ ಬೆರೆತು, ಕಿಡಿ ಸೋಕಿದರೆ ಭಗ್ಗೆನ್ನುವಷ್ಟು ಸೇರುವ ಕನಿಷ್ಠ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಅಮೆರಿಕದ ಸಾಂಪ್ರದಾಯಿಕ ವಿಂಗಡಣೆಯಲ್ಲಿ ಇದು 37.8 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಆ ದ್ರವ ಫ್ಲೇಮಬಲ್, ಅದಕ್ಕೆ ಮೇಲ್ಪಟ್ಟರೆ ಕಂಬಸ್ಟಿಬಲ್. ಭಾರತದ ಪೆಟ್ರೋಲಿಯಂ ಕಾಯಿದೆ ವಿಶೇಷಣಗಳ ಗೊಡವೆಗೆ ಹೋಗದೆ ವರ್ಗಗಳನ್ನೇ ಮಾಡಿದೆ: 23 ಡಿಗ್ರಿಗಿಂತ ಕೆಳಗಿನದು ‘ಎ’, ಅಲ್ಲಿಂದ 65ರೊಳಗಿನದು ‘ಬಿ’, 65ರಿಂದ 93ರೊಳಗಿನದು ‘ಸಿ’. ಪೆಟ್ರೋಲ್ ‘ಎ’ ವರ್ಗಕ್ಕೆ, ಡೀಸೆಲ್ ಮತ್ತು ಸೀಮೆಎಣ್ಣೆ ‘ಬಿ’ ವರ್ಗಕ್ಕೆ ಸೇರುತ್ತವೆ.